ಎರಡನೇ ಮಗಳಿಗೆ ಸಾಕಮ್ಮ ಅಂತ ಹೆಸರಿಡಬೇಕಂತೆ

ಪ್ರಶ್ನೆ: ನಾವು ನಾಗರಬಾವಿಯಲ್ಲಿದ್ದೇವೆ. ಎರಡನೇ ಮಗಳು ಹುಟ್ಟಿ ಏಳು ವಾರ. ದೊಡ್ಡವಳಿಗೆ ನಮ್ಮಿಷ್ಟದ ಹೆಸರಿಟ್ಟೆವು. ಮುಂದಿನ ಮಗುವಿಗೆ ಹಿರಿಯರ ಹೆಸರು ಅಂತ ಅತ್ತೆಗೆ ಆಗ ಮಾತು ಕೊಟ್ಟಿದ್ದೆವು. ಈಗ ಅವರು ತಮ್ಮ ಅತ್ತೆಯ ಹೆಸರು, ಸಾಕಮ್ಮ, ಇಡಬೇಕು ಅಂತಾರೆ. ಹೆರಿಗೆಯಾದ ದಿನ ಆಸ್ಪತ್ರೆಯಲ್ಲಿ ಯಜಮಾನರ ಚಿಕ್ಕಮ್ಮ ‘ಸಾಕಮ್ಮ ಅಂತಿಡ್ರಿ, ಮುಂದಿನದು ಗಂಡಾಗುತ್ತೆ’ ಅಂದಿದ್ದರು. ಆ ಮಾತು ಮರೆಯಲು ಆಗುತ್ತಿಲ್ಲ. ನನಗೆ ‘ಇಂಚರ’ ಅಂತ ಇಡುವ ಆಸೆ. ಮೂರು ತಿಂಗಳಿಗೆ ನಾಮಕರಣ. ಜನನ ನೋಂದಣಿಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇವೆ. ಅತ್ತೆ ಮಾತು ಕಡಿಮೆ ಮಾಡಿದ್ದಾರೆ. ಯಜಮಾನರು ‘ನೀವಿಬ್ರೇ ತೀರ್ಮಾನ ಮಾಡ್ಕೊಳ್ಳಿ’ ಅಂತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆಸರಿಗಿಂತ ಹೆಚ್ಚಾಗಿ ಆಸ್ಪತ್ರೆಯಲ್ಲಿ ಕಿವಿಗೆ ಬಿದ್ದ ಆ ಮಾತೇ ನಿಮ್ಮನ್ನು ಕೊರೆಯುತ್ತಿದೆ. ಹಸಿ ಬಾಣಂತಿಯ ಮುಂದೆ ಯಾರೂ ಆಡಬಾರದ ಮಾತು ಅದು. ಆದರೆ ಅದನ್ನು ಆಡಿದವರು ಚಿಕ್ಕಮ್ಮ. ನಿಮ್ಮತ್ತೆ ಹಾಗಂದರೆಂದು ನೀವು ಎಲ್ಲೂ ಬರೆದಿಲ್ಲ. ಈ ಏಳು ವಾರ ಅತ್ತೆ ‘ಸಾಕಮ್ಮ’ ಅಂದಾಗಲೆಲ್ಲ ನಿಮಗೆ ಚಿಕ್ಕಮ್ಮನ ದನಿಯೇ ಕೇಳಿಸಿರಬಹುದು.

ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದರೆ ‘ಇನ್ನು ಸಾಕು’ ಅಂತ ದೇವರಿಗೆ ಹೇಳುವ ಹಾಗೆ ಆ ಹೆಸರಿಡುತ್ತಿದ್ದದ್ದು ನಿಜ. ಅದನ್ನು ಮುಚ್ಚಿಡುವುದು ಬೇಡ. ಆದರೆ ಕನ್ನಡದಲ್ಲಿ ಇನ್ನೊಂದು ಸಾಕು ಕೂಡ ಇದೆಯಲ್ಲ, ಸಾಕುತಾಯಿ, ಸಾಕುಮಗಳು ಅನ್ನುವಾಗ ಬರುವ ಸಾಕು. ಹಳೆಯ ಹೆಸರು ಕಿವಿಗೆ ಒಂದು ಥರ ಕೇಳಿಸಿದರೂ ಇಟ್ಟವರ ಮನಸ್ಸಿನಲ್ಲಿ ಬೇರೆಯೇ ಇರುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಅಂತ ಕರೆಯುತ್ತಿದ್ದರು. ಈ ಕೂಸಾದರೂ ಉಳಿಯಲಿ ಅನ್ನುವ ಹರಕೆ ಅದು.

ನಮ್ಮ ಬಸವನಗುಡಿ ಕಡೆ ಸಾಕಮ್ಮ ಗಾರ್ಡನ್ ಅಂತ ಒಂದು ಜಾಗವಿದೆ, ನೀವೂ ಕೇಳಿರುತ್ತೀರಿ. ಅದು ಕಾಫಿಪುಡಿ ಸಾಕಮ್ಮನವರ ಹೆಸರು. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಕೊಡಗಿನ ಕಾಫಿ ತೋಟ ನಡೆಸಿ, ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿದ ಹೆಣ್ಣುಮಗಳು. 1928ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೂ ನೇಮಕವಾದರು. ಸಾಕಮ್ಮ ಅನ್ನಿಸಿಕೊಂಡೇ ಅವರು ಇಷ್ಟೆಲ್ಲ ಮಾಡಿದ್ದು.

ಹಾಗಾದರೆ ನಿಮ್ಮ ಮನೆಯ ಸಾಕಮ್ಮ ಯಾರು? ಪತ್ರದಲ್ಲಿ ಆಕೆಯ ಬಗ್ಗೆ ಒಂದು ಸಾಲೂ ಇಲ್ಲ. ಪಾಪುವಿಗೆ ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸಿದ ಮೇಲೆ ಒಂದು ದಿನ ಅತ್ತೆಯ ಪಕ್ಕ ಕೂತು ಕೇಳಿ. ‘ಅಜ್ಜಿ ಹೇಗಿದ್ರು ಅತ್ತೆ? ನೀವು ಸೊಸೆಯಾಗಿ ಬಂದಾಗ ಹೇಗೆ ನೋಡ್ಕೊಂಡ್ರು? ಅವ್ರಿಗೆ ಆ ಹೆಸರು ಯಾಕೆ ಬಂತು?’ ನಾಮಕರಣದ ಮಾತನ್ನು ಅವತ್ತು ಎತ್ತಬೇಡಿ, ಅವರು ಹೇಳುವುದನ್ನು ಕೇಳಿ ಸಾಕು. ಯಜಮಾನರೂ ಜೊತೆಗಿರಲಿ. ಅವರ ಅಜ್ಜಿಯ ಹೆಸರು, ಅವರ ಮಗಳು. ‘ನೀವಿಬ್ರೇ’ ಅಂತ ಪಕ್ಕಕ್ಕೆ ಸರಿಯುವ ಹಕ್ಕು ಅವರಿಗಿಲ್ಲ.

ಮುಂದಿನದು ಗಂಡಾಗಲಿ ಅನ್ನುವುದೇ ಅತ್ತೆಯ ಮನಸ್ಸಿನಲ್ಲೂ ಇದ್ದರೆ ಆ ಹೆಸರು ಬೇಡ. ತೊಟ್ಟಿಲಿನಲ್ಲಿ ಕೂಗುವುದಕ್ಕೂ ಬೇಡ, ಮುದ್ದಿಗೂ ಬೇಡ. ಹುಟ್ಟಿದ ಮಗುವಿಗೆ ‘ನೀನು ಬೇಡವಾಗಿತ್ತು’ ಅಂತ ಹೇಳುವ ಹೆಸರನ್ನು ಯಾವ ಮಾತು ಕೊಟ್ಟಿದ್ದರೂ ಇಡಬಾರದು. ಇದನ್ನು ಅತ್ತೆಗೆ ಹೇಳಬೇಕಾದವರು ಅವರ ಮಗ, ನೀವಲ್ಲ.

ಅತ್ತೆ ತಮ್ಮನ್ನು ಮಗಳ ಹಾಗೆ ನೋಡಿಕೊಂಡ ಹಿರಿಯಳ ನೆನಪಿಗೆ ಕೇಳುತ್ತಿದ್ದಾರೆ ಅಂತಾದರೆ, ಕೊಟ್ಟ ಮಾತು ನಡೆಸಿ. ಸಾನ್ವಿ ಅಂತಲೋ ಏನೋ ಇಟ್ಟು ‘ಅಜ್ಜಿಯ ಅಕ್ಷರ ಬಂತಲ್ಲ’ ಅನ್ನುವ ಉಪಾಯ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ನನಗದು ಒಪ್ಪಿಗೆಯಿಲ್ಲ. ಅತ್ತೆ ಕೇಳುತ್ತಿರುವುದು ಅಕ್ಷರವನ್ನಲ್ಲ.

ಇಂಚರವನ್ನೂ ಬಿಡಬೇಕಾಗಿಲ್ಲ. ಹಳೆಯ ಸಂಪ್ರದಾಯದಲ್ಲಿ ಸೊಸೆ ಅತ್ತೆ ಮಾವಂದಿರ ಹೆಸರು ಹೇಳುವಂತಿಲ್ಲ. ಹಿರಿಯರ ಹೆಸರಿಟ್ಟ ಮಗುವನ್ನು ಬೈಯಬೇಕಾದರೂ ಕಷ್ಟ. ಅದಕ್ಕೇ ಅಂಥ ಮಕ್ಕಳು ಮನೆಯಲ್ಲಿ ಅಪ್ಪಾಜಿ, ಅಜ್ಜಯ್ಯ, ಪುಟ್ಟವ್ವ ಆಗುತ್ತಿದ್ದರು. ಸಾಕಮ್ಮ ಅಂತಿಟ್ಟರೂ ನಿಮ್ಮತ್ತೆ ದಿನಾ ಹಾಗೆ ಕೂಗಲಾರರು. ಹಿರಿಯರ ಹೆಸರೊಂದು, ಕರೆಯುವ ಹೆಸರೊಂದು ಅನ್ನುವುದು ನಾವು ಇವತ್ತು ಕಂಡುಕೊಂಡ ರಾಜಿಯಲ್ಲ.

ದಾಖಲೆಯಲ್ಲಿ ‘ಇಂಚರ ಸಾಕಮ್ಮ’ ಅಂತ ಪೂರ್ತಿ ಬರೆಸಿ. ನಮ್ಮಲ್ಲಿ ಇನಿಷಿಯಲ್ ಅಂದರೆ ಊರಿನದು, ಇಲ್ಲವೇ ಅಪ್ಪನದು. ಅಪ್ಪನ ಹೆಸರು ಜನನ ಪತ್ರದಲ್ಲಿ ಹೇಗೂ ಬೇರೆಯಾಗಿ ಇರುತ್ತದೆ, ಆ ಜಾಗ ಮುತ್ತಜ್ಜಿಗಿರಲಿ. ಶಾಲೆಯಲ್ಲಿ ಅವಳು ಇಂಚರ ಎಸ್. ಆಗುತ್ತಾಳೆ. ರೇಗಿಸುತ್ತಾರೇನೋ ಅನ್ನುವ ಭಯಕ್ಕೂ ಅಲ್ಲಿ ಜಾಗ ಕಡಿಮೆ. ಇನಿಷಿಯಲ್ ಮಾತ್ರ ಬರೆಸಿ ಬಿಡಬೇಡಿ, ಪಾಸ್‌ಪೋರ್ಟಿಗೆ ಅದನ್ನು ಬಿಡಿಸಿ ಬರೆಯಬೇಕಾಗುತ್ತದೆ. ಇಂಗ್ಲಿಷಿನಲ್ಲಿ ‘ಸಾ’ಗೆ ಒಂದು ‘ಎ’ಯೋ ಎರಡೋ ಅನ್ನುವುದನ್ನೂ ಈಗಲೇ ತೀರ್ಮಾನಿಸಿ, ಎಲ್ಲ ಕಡೆ ಹಾಗೇ ಇರಲಿ.

ಅವಸರವೂ ಇಲ್ಲ. ಹೆಸರಿಲ್ಲದೆ ನೋಂದಣಿಯಾದ ಮಗುವಿನ ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೂ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಬಹುದು. ಒಮ್ಮೆ ಬರೆಸಿದ್ದನ್ನು ಬದಲಿಸುವುದು ಮಾತ್ರ ತೊಡಕು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲಕ್ಕೂ ಜನನ ಪತ್ರವೇ ಆಧಾರ. ಮನಸ್ಸು ತಿಳಿಯಾಗದೆ ಪಾಲಿಕೆಗೆ ಹೋಗಬೇಡಿ.

ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಇಂಚರ ಅಂತ ನೀವು ಹೇಳಿ. ಸಾಕಮ್ಮ ಅನ್ನುವುದನ್ನು ಅತ್ತೆಯೇ ಹೇಳಲಿ. ತಮ್ಮತ್ತೆಯ ಹೆಸರನ್ನು ಅವರು ಬಾಯಿಬಿಟ್ಟು ಹೇಳುವುದು ಅದೇ ಮೊದಲಾಗಿರಬಹುದು. ಆಗ ಸ್ವಲ್ಪ ಹೊತ್ತು ತೊಟ್ಟಿಲಿನ ಹತ್ತಿರ ಅವರನ್ನು ಬಿಟ್ಟುಬಿಡಿ.