ಹೊಸ ಬ್ಯಾಟರಿ ಹಾಕಿಸಿದ ಮೇಲೂ ಸೆಲ್ಫ್ ನಿಧಾನಕ್ಕೆ ಎಳೆಯುತ್ತಿದೆ, ಹೊಸ ಸೆಲ್ಫ್ ಮೋಟಾರ್ ಹಾಕಿಸಬೇಕೇ?

ಈಗಲೇ ಹಾಕಿಸಬೇಡಿ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ.

ನಿಮ್ಮದು 1998ರ ಕಾರ್ಬುರೇಟರ್ ಮಾರುತಿ 800. ಚಿತ್ರದುರ್ಗದಲ್ಲಿ ಬೆಳಿಗ್ಗೆ ಹೇಗೋ ಸ್ಟಾರ್ಟ್ ಆಗುತ್ತದೆ, ದಾವಣಗೆರೆ ಎಪಿಎಂಸಿಗೆ ಬಂದು ಅರ್ಧ ಗಂಟೆ ನಿಲ್ಲಿಸಿ ಹೊರಡುವಾಗ ಇಂಜಿನ್ ಸುಸ್ತಾದ ಹಾಗೆ ಒಂದೊಂದೇ ಸುತ್ತು ತಿರುಗುತ್ತದೆ, ಕೊನೆಗೆ ಯಾರನ್ನಾದರೂ ಕರೆದು ತಳ್ಳಿಸಬೇಕು. ಬ್ಯಾಟರಿ ಬದಲಿಸಿದರೂ ಅದೇ ಕಥೆ. ಕ್ಲಚ್ ಪ್ಲೇಟ್ ಹಾಕಿಸಿದ ಮೇಲೆಯೇ ಇದು ಶುರುವಾಯಿತು ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ. ನನ್ನ ಕಣ್ಣು ನಿಂತಿದ್ದು ಆ ಸಾಲಿನ ಮೇಲೆ.

ನಾನು ದಾವಣಗೆರೆಯಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಹಳೇ ಗಾಡಿಗಳಲ್ಲಿ ಚೆನ್ನಾಗಿರುವ ಸೆಲ್ಫ್ ಮೋಟಾರ್ ಗುಜರಿಗೆ ಹೋಗಿ, ನಿಜವಾದ ದೋಷ ಗಾಡಿಯಲ್ಲೇ ಉಳಿಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಗೇರ್‌ಬಾಕ್ಸ್ ಇಳಿಸಬೇಕಾದರೆ ಸೆಲ್ಫ್ ಬಿಚ್ಚಬೇಕು, ಇಂಜಿನ್, ಗೇರ್‌ಬಾಕ್ಸಿನ ಲೋಹವನ್ನು ಬ್ಯಾಟರಿ ಮೈನಸ್‌ಗೆ ಸೇರಿಸುವ ಅರ್ತ್ ವೈರ್ ಬಿಚ್ಚಬೇಕು. ವಾಪಸ್ ಕಟ್ಟುವಾಗ ಆ ಅರ್ತ್ ವೈರಿನ ಲಗ್ (ತುದಿಯ ಲೋಹದ ಬಳೆ) ಕೆಳಗೆ ಎಣ್ಣೆ, ಮಣ್ಣು, ತುಕ್ಕು ಉಳಿದರೆ, ಬೋಲ್ಟ್ ಅರ್ಧಂಬರ್ಧ ಬಿಗಿಯಾದರೆ, ನೀವು ಹೇಳಿದ ಲಕ್ಷಣವೇ ಬರುತ್ತದೆ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅದು ತಿಳಿದರೆ ಮುಂದಿನ ಪರೀಕ್ಷೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಈ 796 ಸಿಸಿ ಇಂಜಿನ್ನನ್ನು ತಿರುಗಿಸಲು ಸೆಲ್ಫ್‌ಗೆ ನೂರು ಆಂಪಿಯರ್ ಆಸುಪಾಸು ಕರೆಂಟ್ ಬೇಕು. ಅಷ್ಟು ಕರೆಂಟ್ ಹರಿಯುವ ದಾರಿಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ಅಡ್ಡಿ ಇದ್ದರೂ ಅಲ್ಲೇ ಒಂದು ವೋಲ್ಟ್ ಕರಗಿಹೋಗುತ್ತದೆ, ಆ ಜಾಗದಲ್ಲಿ ನೂರು ವ್ಯಾಟ್ ಶಾಖ ಹುಟ್ಟುತ್ತದೆ. ಎರಡು ಮೂರು ಕಡೆ ಹೀಗಾದರೆ ಬ್ಯಾಟರಿ ಎಷ್ಟೇ ಹೊಸದಿರಲಿ, ಮೋಟಾರಿಗೆ ಮುಟ್ಟುವುದು ಎಂಟೋ ಒಂಬತ್ತೋ ವೋಲ್ಟ್. ಲೈನಿನ ತುದಿಯಲ್ಲಿರುವ ತೋಟದ ಪಂಪ್‌ಸೆಟ್ ಲೋ ವೋಲ್ಟೇಜಿನಲ್ಲಿ ಗುಂಯ್ ಅನ್ನುತ್ತಾ ನೀರೆತ್ತಲು ಒದ್ದಾಡುತ್ತದಲ್ಲ, ನಿಮ್ಮ ಸೆಲ್ಫ್ ಸ್ಥಿತಿಯೂ ಅದೇ. ಮೋಟಾರ್ ಬದಲಿಸಿದರೆ ಲೈನ್ ಸರಿಯಾಗುವುದಿಲ್ಲ.

ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಈ ಅಡ್ಡಿಯನ್ನು ಹಿಡಿಯಲು ಆಗದು. ಮೀಟರಿನ ಸ್ವಂತ ವೈರಿನಲ್ಲೇ ಅದಕ್ಕಿಂತ ಹೆಚ್ಚು ಓಮ್ ಇರುತ್ತದೆ. ಕೇಬಲ್ಲಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಆದ್ದರಿಂದ ಕರೆಂಟ್ ಹರಿಯುತ್ತಿರುವಾಗಲೇ, ಅಂದರೆ ಸೆಲ್ಫ್ ಹೊಡೆಯುತ್ತಿರುವಾಗಲೇ, ವೋಲ್ಟ್ ಎಲ್ಲಿ ಕಳೆದುಹೋಗುತ್ತಿದೆ ಅಂತ ಅಳೆಯಬೇಕು. ಕೆಲವು ನೂರು ರೂಪಾಯಿಯ ಸಾದಾ ಮೀಟರ್ ಸಾಕು.

ಶುರು ಮಾಡುವ ಮೊದಲು ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಇಗ್ನಿಷನ್ ಕಾಯಿಲ್‌ನಿಂದ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮಧ್ಯಕ್ಕೆ ಬರುವ ದಪ್ಪ ವೈರನ್ನು ಕಿತ್ತು, ಅದರ ತುದಿಯನ್ನು ಇಂಜಿನ್ನಿನ ಲೋಹಕ್ಕೆ ತಾಗಿಸಿ ಕಟ್ಟಿ, ಇಂಜಿನ್ ಸ್ಟಾರ್ಟ್ ಆಗಬಾರದು. ಒಬ್ಬರು ಕೀಲಿ ತಿರುಗಿಸಲು ಒಳಗೆ ಕೂರಲಿ. ಒಂದು ಸಲಕ್ಕೆ ಐದಾರು ಸೆಕೆಂಡ್ ಸಾಕು, ನಡುವೆ ಒಂದು ನಿಮಿಷ ಬಿಡಿ. ಬ್ಯಾಟರಿ ಹತ್ತಿರ ಬೀಡಿ ಸಿಗರೇಟು ಬೇಡವೇ ಬೇಡ, ಅದರಿಂದ ಹೊರಬರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು.

ಮೊದಲು ಬ್ಯಾಟರಿ. ಹೊಸದು ಅಂದ ಮಾತ್ರಕ್ಕೆ ಚಾರ್ಜ್ ಇದೆ ಅಂತಲ್ಲ, ಅಂಗಡಿಯ ರ್‍ಯಾಕಿನಲ್ಲಿ ತಿಂಗಳುಗಟ್ಟಲೆ ಕೂತಿದ್ದೂ ಇರಬಹುದು. ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಿಗ್ಗೆ ಒಂದೆರಡು ನಿಮಿಷ ಹೆಡ್‌ಲೈಟ್ ಹಾಕಿ, ಆರಿಸಿ, ಸ್ವಲ್ಪ ಬಿಟ್ಟು ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ ಮಾತ್ರ. ಅರ್ಧ ಇದ್ದರೆ ಹೊರಗಡೆ ಚಾರ್ಜ್ ಮಾಡಿಸಿ, ಆಮೇಲೆ ಇಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ಹಾಕಿ ಬ್ಯಾಟರಿ ಮೇಲೆ 13.8ರಿಂದ 14.4 ಬರುತ್ತದೆಯೇ ನೋಡಿ. ಬರದಿದ್ದರೆ ಬೆಲ್ಟ್ ಸಡಿಲವಾಗಿದೆ ಅಥವಾ ಆಲ್ಟರ್ನೇಟರ್ ಕಡೆ ಸಮಸ್ಯೆ ಇದೆ. ನೀರು ಕಮ್ಮಿಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಜಿಲ್ಲೆಗಳ ಬೋರ್‌ವೆಲ್ ನೀರಿನ ಗಡಸುತನ ನಿಮಗೆ ಗೊತ್ತೇ ಇದೆ, ಆ ಲವಣವೆಲ್ಲ ಬ್ಯಾಟರಿಯೊಳಗೆ ಸೇರಿದರೆ ಪ್ಲೇಟುಗಳು ಬೇಗ ಹಾಳಾಗುತ್ತವೆ.

ಈಗ ಮೀಟರನ್ನು ಬ್ಯಾಟರಿಯ ಎರಡು ಸೀಸದ ಕಂಬಗಳ ಮೇಲೇ ಇಟ್ಟು ಸೆಲ್ಫ್ ಹೊಡೆಸಿ. ಇಲ್ಲಿ ಸಿಗುವ ಅಂಕಿ ದಾರಿಯನ್ನು ಎರಡಾಗಿ ಸೀಳುತ್ತದೆ. ಸೆಲ್ಫ್ ನಿಧಾನವಾಗಿ ತಿರುಗುತ್ತಿದ್ದರೂ ಬ್ಯಾಟರಿ 11 ವೋಲ್ಟಿನ ಮೇಲೆ ನಿಂತಿದ್ದರೆ, ಬ್ಯಾಟರಿ ಕೊಡಲು ಸಿದ್ಧವಿದೆ, ಕರೆಂಟ್ ಹೋಗಲು ದಾರಿ ಇಲ್ಲ ಅಂತ ಅರ್ಥ. ಆಗ ಕೇಬಲ್, ಅರ್ತ್, ಸೊಲೆನಾಯ್ಡ್ (ಸೆಲ್ಫ್‌ಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್), ಕಾರ್ಬನ್ ಬ್ರಷ್ (ಮೋಟಾರ್ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ನೋಡಬೇಕು. ಅದೇ 9.6ಕ್ಕಿಂತ ಕೆಳಗೆ ಬಿದ್ದರೆ, ಒಂದೋ ಬ್ಯಾಟರಿ ದುರ್ಬಲ, ಇಲ್ಲವೇ ಮೋಟಾರ್ ಒಳಗೆ ಉಜ್ಜಿಕೊಂಡು ಅಥವಾ ಇಂಜಿನ್ ಬಿಗಿಯಾಗಿ ಅತಿಯಾದ ಕರೆಂಟ್ ಎಳೆಯುತ್ತಿದೆ. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದರೂ ಇದೇ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬೆಳಕು ಹೆಚ್ಚು ಕುಗ್ಗದೆ ಸೆಲ್ಫ್ ಮಾತ್ರ ಸೊರಗಿದರೆ ಮೊದಲನೆಯದು, ಬೆಳಕೂ ಆರಿಹೋಗುವ ಹಾಗಾದರೆ ಎರಡನೆಯದು.

ನಿಮ್ಮದು ಮೊದಲನೆಯದು ಅಂತ ನನ್ನ ಊಹೆ. ಹಾಗಿದ್ದರೆ ಮೈನಸ್ ಕಡೆಯಿಂದ ಹಿಡಿಯಿರಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬದ ಮೇಲೆ, ಕೆಂಪು ಮೊನೆಯನ್ನು ಸೆಲ್ಫ್ ಮೋಟಾರಿನ ಮೈಯ ಬರಿ ಲೋಹದ ಮೇಲೆ ಒತ್ತಿ. ಕಂಬದ ಮೇಲೆ ಅಂದೆ, ಕ್ಲಾಂಪ್ ಮೇಲಲ್ಲ, ಯಾಕೆಂದರೆ ಕಂಬಕ್ಕೂ ಕ್ಲಾಂಪಿಗೂ ನಡುವೆಯೇ ದೋಷ ಇರಬಹುದು. ಸೆಲ್ಫ್ ಹೊಡೆದಾಗ 0.2 ವೋಲ್ಟ್ ಒಳಗೆ ಇರಬೇಕು. ಅರ್ಧ ವೋಲ್ಟೋ ಒಂದು ವೋಲ್ಟೋ ಬಂದರೆ ಕಳ್ಳ ಸಿಕ್ಕ ಹಾಗೆ. ಕೆಂಪು ಮೊನೆಯನ್ನು ಹಿಂದಕ್ಕೆ ತರುತ್ತಾ ಬನ್ನಿ. ಗೇರ್‌ಬಾಕ್ಸ್ ಮೇಲೆ ಇಟ್ಟು ನೋಡಿ, ಅರ್ತ್ ಬೋಲ್ಟ್ ತಲೆಯ ಮೇಲೆ, ಲಗ್ ಮೇಲೆ, ಕ್ಲಾಂಪ್ ಮೇಲೆ. ಅಂಕಿ ಎಲ್ಲಿ ಥಟ್ಟನೆ ಇಳಿಯುತ್ತದೋ ಆ ಎರಡು ಜಾಗಗಳ ನಡುವೆ ದೋಷ ಇದೆ.

ಇಂಜಿನ್, ಗೇರ್‌ಬಾಕ್ಸ್ ಎರಡೂ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತವೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಅರ್ತ್ ವೈರ್ ಒಂದೇ ಗತಿ. ಅದು ಕೆಟ್ಟರೆ ಕರೆಂಟ್ ಇಂಜಿನ್ನಿಗೂ ಬಾಡಿಗೂ ನಡುವೆ ಸಿಕ್ಕ ಲೋಹವನ್ನೆಲ್ಲ ಹುಡುಕಿಕೊಂಡು ಹೋಗುತ್ತದೆ, ಎಕ್ಸಲರೇಟರ್ ಕೇಬಲ್, ಚೋಕ್ ಕೇಬಲ್, ಕ್ಲಚ್ ಕೇಬಲ್ ಹೀಗೆ. ಕೆಲವು ಸಲ ಸೆಲ್ಫ್ ಹೊಡೆದ ಮೇಲೆ ಈ ಕೇಬಲ್‌ಗಳನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಬೇರೆ ಸಾಕ್ಷಿ ಬೇಡ. ಹೊರಗಿನ ಪ್ಲಾಸ್ಟಿಕ್ ಕರಗಿ ಕೇಬಲ್ ಒಳಗೇ ಹಿಡಿದುಕೊಳ್ಳುವುದೂ ಉಂಟು, ಓಡುವ ಗಾಡಿಯಲ್ಲಿ ಎಕ್ಸಲರೇಟರ್ ಹಿಡಿದುಕೊಂಡರೆ ಏನಾಗಬಹುದು ಯೋಚಿಸಿ. ಹಾಗಾಗಿ ಇದನ್ನು ನಾಳೆ ನೋಡೋಣ ಅಂತ ಮುಂದಕ್ಕೆ ಹಾಕಬೇಡಿ.

ಮೀಟರ್ ಇಲ್ಲವೇ? ಒಂದು ದಪ್ಪನೆಯ ಜಂಪರ್ ಕೇಬಲ್ ತಂದು ಒಂದು ತುದಿಯನ್ನು ಬ್ಯಾಟರಿ ಮೈನಸ್‌ಗೆ, ಇನ್ನೊಂದನ್ನು ಇಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಸೆಲ್ಫ್ ಒಮ್ಮೆಲೇ ಚುರುಕಾದರೆ ಅರ್ತ್ ಬಿಟ್ಟು ಬೇರೇನೂ ಹುಡುಕಬೇಕಿಲ್ಲ.

ಪ್ಲಸ್ ಕಡೆಯೂ ಇದೇ ರೀತಿ. ಕೆಂಪು ಮೊನೆ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಕಪ್ಪು ಮೊನೆ ಸೊಲೆನಾಯ್ಡ್‌ನಿಂದ ಮೋಟಾರ್ ಒಳಗೆ ಹೋಗುವ ದಪ್ಪ ಬೋಲ್ಟಿಗೆ. ಸೆಲ್ಫ್ ಹೊಡೆಯುವ ಮೊದಲು ಮೀಟರ್ 12 ತೋರಿಸುತ್ತದೆ, ಗಾಬರಿ ಬೇಡ, ಹೊಡೆದಾಗ 0.5ರ ಒಳಗೆ ಇಳಿಯಬೇಕು. ಹೆಚ್ಚಿದ್ದರೆ ಸೊಲೆನಾಯ್ಡ್‌ನ ಎರಡು ದಪ್ಪ ಬೋಲ್ಟುಗಳ ನಡುವೆ ಮಾತ್ರ ಅಳೆಯಿರಿ. ಅಲ್ಲೇ ಹೆಚ್ಚು ಬಂದರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟು ಸವೆದಿದೆ. ಅಲ್ಲಿ ಕಮ್ಮಿ ಇದ್ದು ಒಟ್ಟು ಹೆಚ್ಚಿದ್ದರೆ ಕೇಬಲ್ ನೋಡಿ. ಬಗ್ಗಿಸಿದಾಗ ಕಡ್ಡಿಯ ಹಾಗೆ ಸೆಟೆದು ನಿಲ್ಲುವ ಕೇಬಲ್ಲಿನ ಒಳಗೆ ತಾಮ್ರ ಹಸಿರುಗಟ್ಟಿರುವ ಸಾಧ್ಯತೆ ಹೆಚ್ಚು. ಲಗ್ ಮಾತ್ರ ಬದಲಿಸಿದರೆ ಸಾಲದು, ಕೇಬಲ್ಲನ್ನೇ ಬದಲಿಸಿ.

ಸ್ವಚ್ಛ ಮಾಡುವಾಗ ಯಾವಾಗಲೂ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಅಪಾಯ ಇರುವುದಿಲ್ಲ. ಕಂಬದ ಮೇಲಿನ ಬಿಳಿ, ಹಸಿರು ಪುಡಿಗೆ ಅಡುಗೆ ಸೋಡಾ ಬೆರೆಸಿದ ಬಿಸಿ ನೀರು ಹಾಕಿ ಬ್ರಷ್ಷಿನಿಂದ ಉಜ್ಜಿ, ಸೆಲ್ ಮುಚ್ಚಳಗಳು ಭದ್ರವಾಗಿರಲಿ. ಅರ್ತ್ ಬೋಲ್ಟ್ ಕೂರುವ ಜಾಗವನ್ನು ಸ್ಯಾಂಡ್ ಪೇಪರಿನಿಂದ ಲೋಹ ಹೊಳೆಯುವ ತನಕ ತಿಕ್ಕಿ. ಟಿಂಕರಿಂಗ್, ಪೇಂಟಿಂಗ್ ಆದ ಗಾಡಿಯಾದರೆ ಲಗ್ ಕೆಳಗೆ ಪೇಂಟ್ ಇದೆಯೇ ಅಂತಲೂ ನೋಡಿ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ, ಮೊದಲೇ ಸವರಬೇಡಿ.

ಇಷ್ಟಾಗಿ ಎರಡೂ ಕಡೆಯ ಅಂಕಿ ಸರಿ ಬಂದು, ಬಿಸಿ ಇದ್ದಾಗಿನ ತೊಂದರೆ ಹಾಗೇ ಉಳಿದರೆ? ಮೊದಲು ನೋಡಬೇಕಾದದ್ದು ಟೈಮಿಂಗ್, ಅಂದರೆ ಕಿಡಿ ಬೀಳುವ ಸಮಯ. ಕಾರ್ಬುರೇಟರ್ ಗಾಡಿಯ ಡಿಸ್ಟ್ರಿಬ್ಯೂಟರನ್ನು ಯಾರಾದರೂ ಪಿಕಪ್ ಬರಲಿ ಅಂತ ಮುಂದಕ್ಕೆ ತಿರುಗಿಸಿದ್ದರೆ, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಬಿದ್ದು ಇಂಜಿನ್ ಸೆಲ್ಫ್‌ಗೆ ಎದುರಾಗಿ ಒದೆಯುತ್ತದೆ, ಬಿಸಿ ಇಂಜಿನ್ನಿನಲ್ಲಿ ಇದು ಜೋರು. ಪತ್ತೆ ಹಚ್ಚುವುದು ಸುಲಭ. ಗಾಡಿ ಎಪಿಎಂಸಿಯಲ್ಲಿ ಹಟ ಹಿಡಿದಾಗಲೇ ಕಾಯಿಲ್ ವೈರ್ ಕಿತ್ತು ಅರ್ತ್ ಮಾಡಿ ಸೆಲ್ಫ್ ಹೊಡೆಯಿರಿ. ಕಿಡಿ ಇಲ್ಲದಾಗ ಸಲೀಸಾಗಿ ತಿರುಗಿ, ವೈರ್ ಹಾಕಿದಾಗ ತಡವರಿಸಿದರೆ ಸೆಲ್ಫ್‌ನ ತಪ್ಪಲ್ಲ, ಟೈಮಿಂಗ್ ಲೈಟ್ ಇರುವ ಮೆಕ್ಯಾನಿಕ್ ಹತ್ತಿರ ಸರಿ ಮಾಡಿಸಿ.

ಕಿಡಿ ಇಲ್ಲದಾಗಲೂ ಎಳೆದಾಡಿದರೆ ಆಗ ಸೆಲ್ಫ್ ಬಿಚ್ಚಿಸಿ. ತಾಮ್ರ ಬಿಸಿಯಾದಷ್ಟೂ ಅದರ ಅಡ್ಡಿ ಏರುತ್ತದೆ, 70 ಡಿಗ್ರಿ ಏರಿದರೆ ಕಾಲು ಭಾಗಕ್ಕಿಂತ ಹೆಚ್ಚು. ಜೊತೆಗೆ ಬುಷ್ (ಶಾಫ್ಟ್ ಕೂರುವ ಲೋಹದ ಬಳೆ) ಸವೆದಿದ್ದರೆ ಆರ್ಮೇಚರ್ (ಮೋಟಾರ್ ಒಳಗೆ ತಿರುಗುವ ಭಾಗ) ಒಂದು ಕಡೆ ವಾಲಿ ಸುತ್ತಲಿನ ಕಬ್ಬಿಣಕ್ಕೆ ಉಜ್ಜುತ್ತದೆ. ಬಿಚ್ಚಿದಾಗ ಆರ್ಮೇಚರ್ ಮೈಮೇಲೆ ಹೊಳೆಯುವ ಗೀರು ಕಂಡರೆ ಇದೇ ಕಾರಣ. ಬುಷ್ ಮತ್ತು ಕಾರ್ಬನ್ ಬ್ರಷ್ ಹೊಸದು ಹಾಕಿ, ಬ್ರಷ್ ಉಜ್ಜುವ ತಾಮ್ರದ ಭಾಗವಾದ ಕಮ್ಯುಟೇಟರ್ ಸವೆದಿದ್ದರೆ ಲೇತ್‌ನಲ್ಲಿ ತೆಳ್ಳಗೆ ಹೊಡೆಸಿ, ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ಸ್ವಲ್ಪ ಕೆಳಗೆ ಕೆರೆಸಬೇಕು. ಹೊಸ ಬುಷ್ಷನ್ನು ಕೂರಿಸುವ ಮೊದಲು ಎಣ್ಣೆಯಲ್ಲಿ ನೆನೆಸಿಡಲು ಹೇಳಿ, ಅವಸರದಲ್ಲಿ ಬಿಟ್ಟುಹೋಗುವ ಕೆಲಸ ಅದು. ಲೇತ್ ಕೆಲಸಕ್ಕೆ ನಮ್ಮ ಕಡೆ ಯೋಚನೆ ಇಲ್ಲ, ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದ ಸೀಮೆ ಇದು. ಇದೆಲ್ಲ ಸೇರಿದರೂ ಹೊಸ ಸೆಲ್ಫ್‌ನ ಬೆಲೆಯಲ್ಲಿ ಸಣ್ಣ ಪಾಲು. ಆರ್ಮೇಚರ್ ವೈಂಡಿಂಗ್ ಸುಟ್ಟು ಕಪ್ಪಾಗಿದ್ದರೆ ಮಾತ್ರ ಹೊಸದರ ಮಾತು.

ಒಂದು ಬಿಟ್ಟಿದ್ದೆ. ಕೀಲಿ ತಿರುಗಿಸಿದಾಗ ಟಕ್ ಅಂದು ಸುಮ್ಮನಾದರೆ ಅದು ಬೇರೆ ರೋಗ, ಅದರಲ್ಲಿ ಇಗ್ನಿಷನ್ ಸ್ವಿಚ್ಚಿನಿಂದ ಬರುವ ಸಣ್ಣ ವೈರಿನ ಪಾತ್ರವೂ ಇರುತ್ತದೆ. ನೀವು ಬರೆದಿರುವುದು ನಿಧಾನ ತಿರುಗುವುದರ ಬಗ್ಗೆ, ಹಾಗಾಗಿ ಆ ಕಡೆ ಹೋಗಿಲ್ಲ.

ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೇಲೆ ಎಷ್ಟು, ಮೈನಸ್ ಕಡೆ ಎಷ್ಟು, ಪ್ಲಸ್ ಕಡೆ ಎಷ್ಟು, ಈ ಮೂರು ಅಂಕಿ ಬರೆದು ಹಾಕಿ. ಸಾಧ್ಯವಾದರೆ ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೆ, ದಾವಣಗೆರೆಗೆ ಬಂದು ನಿಲ್ಲಿಸಿದ ಮೇಲೆ ಒಮ್ಮೆ ಅಳೆಯಿರಿ. ಅಂಕಿ ನೋಡಿ ಮುಂದಿನದನ್ನು ಹೇಳುತ್ತೇನೆ, ಅಲ್ಲಿಯವರೆಗೆ ಗ್ಯಾರೇಜಿನವರಿಗೆ ಹೊಸ ಸೆಲ್ಫ್ ತರಿಸಬೇಡಿ ಅಂತ ಹೇಳಿಬಿಡಿ.