ಕೌದಿ ಕಟ್ಟಿದ ಕೋಣೆಯಲ್ಲಿ ಆಲ್ಬಂ: ಓದುಗರ ಪ್ರಶ್ನೆ, ಹಾಡುಗಾರ್ತಿಯ ಉತ್ತರ

ಸ್ವಂತ ಹಾಡು ಬರೆದು, ಸ್ವಂತ ಖರ್ಚಿನಲ್ಲೇ ಆಲ್ಬಂ ಹೊರತರುವ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರ ಬರೆದಿದ್ದೇನೆ. ಉದ್ದ ಪತ್ರಗಳನ್ನು ಚಿಕ್ಕದು ಮಾಡಿಕೊಂಡಿದ್ದೇನೆ. ನಾನು ಕೊಪ್ಪಳದವಳು, ಏಕತಾರಿ ಹಿಡಿದು ನನ್ನ ಹಾಡು ನಾನೇ ಕಟ್ಟಿ ಹಾಡುವವಳು. ಸಿನಿಮಾ ಸಂಗೀತದ ಲೆಕ್ಕವೇ ಬೇರೆ, ಅದು ಇಲ್ಲಿ ಬರುವುದಿಲ್ಲ.

ಪ್ರಶ್ನೆ: ನನಗೆ 22 ವರ್ಷ. ನನ್ನ ಹತ್ತಿರ 20 ಹಾಡುಗಳಿವೆ. ಕಾಲುವೆ ನೀರಿನ ಮೇಲೆ, ಭತ್ತದ ರೇಟಿನ ಮೇಲೆ, ಗುಳೆ ಹೋದ ಅಣ್ಣನ ಮೇಲೆ ಬರೆದಿದ್ದೇನೆ, ಪ್ರೀತಿಯ ಹಾಡುಗಳೂ ಇವೆ. ‘ಈಗ ಆಲ್ಬಂ ಯಾರು ಕೇಳ್ತಾರೆ, ತಿಂಗಳಿಗೊಂದು ಬಿಡು’ ಅಂತಾರೆ ಗೆಳೆಯರು. ಅಕ್ಕಾ, ಏನು ಮಾಡಲಿ? — ಓದುಗರು, ಸಿಂಧನೂರು

ಆಲ್ಬಂ ಮಾಡು ತಮ್ಮಾ, ಆದರೆ 20 ಹಾಡಿನದ್ದು ಬೇಡ. ಹಿಂದೆ ಎಷ್ಟು ಹಾಡಬೇಕು ಅನ್ನುವುದನ್ನು ತಟ್ಟೆಯೇ ಹೇಳುತ್ತಿತ್ತು. 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಕ್ಯಾಸೆಟ್ ಬಂತು, ಮಗ್ಗುಲಿಗೆ ಅರ್ಧ ಗಂಟೆ. ಭಜನಿ ಪದದ ಕ್ಯಾಸೆಟ್ ತಿರುವಿ ಹಾಕಿದಾಗ ಎರಡನೇ ಮಗ್ಗುಲಿನ ಮೊದಲ ಹಾಡು ಹೊಸ ಹುರುಪಿನಿಂದ ಏಳುತ್ತಿತ್ತು, ಅದನ್ನು ಬೇಕಂತಲೇ ಅಲ್ಲಿ ಇಟ್ಟಿರುತ್ತಿದ್ದರು. ಸಿ.ಡಿ.ಗೆ 74 ನಿಮಿಷ ಹಿಡಿಯಿತು. ಫೋನಿಗೆ ಮಿತಿಯೇ ಇಲ್ಲ, ಹಾಗಾಗಿ ಎಲ್ಲಿ ನಿಲ್ಲಿಸಬೇಕು ಅನ್ನುವುದು ಈಗ ನಮ್ಮ ಹೊಣೆ. ಕೊಪ್ಪಳದಲ್ಲಿ ಬಸ್ ಹತ್ತಿದವರು ಮುನಿರಾಬಾದಿನ ಡ್ಯಾಂ ಮುಟ್ಟುವ ಹೊತ್ತಿಗೆ ನನ್ನ ಆಲ್ಬಂ ಮುಗಿದಿರಬೇಕು ಎಂದು ನಾನು ಅಳತೆ ಇಟ್ಟುಕೊಂಡಿದ್ದೇನೆ.

ನಿನ್ನ ಕಾಲುವೆ, ಭತ್ತ, ಗುಳೆಯ ಹಾಡು ಮೂರೂ ಒಂದೇ ಮನೆಯವು. ನೀರು ಕೆಳಭಾಗದ ಹೊಲಕ್ಕೆ ಮುಟ್ಟಲಿಲ್ಲ, ಬೆಳೆ ಕೈಗೆ ಹತ್ತಲಿಲ್ಲ, ಅಣ್ಣ ಬೆಂಗಳೂರಿನ ಬಸ್ ಹತ್ತಿದ. ಆ ಎಳೆ ಹಿಡಿದು ಎಂಟು ಹಾಡು ಆರಿಸು. ಪ್ರೀತಿಯ ಹಾಡು ಎಷ್ಟೇ ಚಂದ ಇದ್ದರೂ ಮುಂದಿನ ಆಲ್ಬಮ್ಮಿಗೆ ತೆಗೆದಿಡು. ಆರಿಸುವ ಮೊದಲು ಎಲ್ಲವನ್ನೂ ನಾಲ್ಕು ಜನರ ಮುಂದೆ ಕೂತು ಹಾಡು, ಫೋನಿನಲ್ಲಿ ಕಳಿಸಬೇಡ. ಯಾವ ಸಾಲಿಗೆ ಅವರು ತಲೆ ಎತ್ತುತ್ತಾರೆ ಅನ್ನುವುದು ಎದುರಿಗೆ ಕೂತಾಗಲೇ ತಿಳಿಯುತ್ತದೆ.

ತಿಂಗಳಿಗೊಂದು ಬಿಟ್ಟರೆ ದುಡ್ಡು ಬರುತ್ತದೆ ಅನ್ನುವವರಿಗೂ ಒಂದು ಮಾತು. ಹಾಡು ಕೇಳಿಸುವ ಸ್ಪಾಟಿಫೈ ಆಪಿನಲ್ಲಿ 2024ರಿಂದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ಹಣವೇ ಇಲ್ಲ. ದುಡ್ಡಿನ ಆಸೆಗೆ ಹಾಡುಗಳನ್ನು ಚೆಲ್ಲಾಪಿಲ್ಲಿ ಮಾಡಿಕೊಳ್ಳಬೇಡ.

ಪ್ರಶ್ನೆ: ಸ್ಟುಡಿಯೋ ಬಾಡಿಗೆ ಕೈಗೆಟುಕುತ್ತಿಲ್ಲ. ಮನೆಯಲ್ಲಿ ರೆಕಾರ್ಡ್ ಮಾಡಿದರೆ ಡಬ್ಬದೊಳಗೆ ಕೂತು ಹಾಡಿದಂತೆ ಕೇಳುತ್ತದೆ. ಒಳ್ಳೆಯ ಮೈಕ್ ಕೊಂಡರೆ ಸರಿಹೋಗುತ್ತದೆಯೇ? — ಓದುಗರು, ಬಳ್ಳಾರಿ

ಮೈಕಿಗೆ ದುಡ್ಡು ಸುರಿಯುವ ಮೊದಲು ಕೋಣೆ ನೋಡಿ. ಆರ್‌ಸಿಸಿ ಛತ್ತು, ಕೆಳಗೆ ಟೈಲ್ಸ್, ನಾಲ್ಕು ಬರಿಗೋಡೆ. ದನಿ ಹೋಗಿ ಬಡಿದು ತಿರುಗಿ ಬಂದು ಮೈಕಿಗೆ ಬೀಳುತ್ತದೆ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಅದರ ಹಿಂದೆ ‘ಟಿಂಯ್’ ಅನ್ನುವ ಬಾಲ ಕೇಳಿದರೆ ರೋಗ ಅಲ್ಲಿದೆ.

ನಾನು ಕೌದಿ ಕಟ್ಟುತ್ತೇನೆ. ಅವ್ವ ಹಳೇ ಸೀರೆ, ಧೋತರ ಪದರ ಮೇಲೆ ಪದರ ಇಟ್ಟು ಹೊಲಿದ ಕೌದಿಗಳು, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಅವನ್ನು ಗೋಡೆಗೆ ಒತ್ತಿ ಮೊಳೆ ಹೊಡೆಯುವುದಿಲ್ಲ. ಗೋಡೆಯಿಂದ ಒಂದು ಗೇಣು ಬಿಟ್ಟು ಹಗ್ಗಕ್ಕೆ ಇಳಿಬಿಡುತ್ತೇನೆ. ನಡುವೆ ಗಾಳಿಗೆ ಜಾಗ ಇದ್ದರೆ ಅದೇ ಕೌದಿ ಇನ್ನಷ್ಟು ತಗ್ಗಿನ ದನಿಯನ್ನೂ ಹೀರುತ್ತದೆ. ಎಲ್ಲಕ್ಕಿಂತ ದಪ್ಪನೆಯದು ಹಾಡುವವರ ಬೆನ್ನ ಹಿಂದೆ ಬರಬೇಕು, ಏಕೆಂದರೆ ಮೈಕ್ ಮುಖ ಮಾಡಿರುವುದು ಆ ಗೋಡೆಗೆ. ಎರಡು ಪಕ್ಕಕ್ಕೆ ಒಂದೊಂದು ಸಾಕು. ಗುಂಯ್‌ಗುಡುವ ದಪ್ಪ ದನಿ ಮೂಲೆಯಲ್ಲಿ ಕೂಡಿಕೊಳ್ಳುತ್ತದೆ, ಅಲ್ಲಿ ಹತ್ತಿ ತುಂಬಿದ ಚೀಲ ನಿಲ್ಲಿಸಿ. ಹಾಗಂತ ಸುತ್ತಲೂ ಮುಚ್ಚಿಬಿಟ್ಟರೆ ಹಾಡಿಗೆ ಜೀವ ಇರುವುದಿಲ್ಲ, ಒಂದು ಗೋಡೆಯಾದರೂ ಬಿಡಿ. ಇಷ್ಟಾದ ಮೇಲೆ ಸಾಧಾರಣ ಡೈನಾಮಿಕ್ ಮೈಕನ್ನು (ವೇದಿಕೆಯ ಮೇಲೆ ಕೈಯಲ್ಲಿ ಹಿಡಿದು ಹಾಡುವಂಥದ್ದು) ಬಾಯಿಗೆ ಒಂದು ಗೇಣಿಗಿಂತ ಹತ್ತಿರ ಇಟ್ಟುಕೊಂಡರೂ ಕೆಲಸ ನಡೆಯುತ್ತದೆ. ದನಿಯ ಸಣ್ಣ ಏರಿಳಿತವನ್ನೂ ಹಿಡಿಯುವ 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಮೀಟರು ಕೆಂಪಿಗೆ ಹೋಗದಂತೆ ದನಿಯನ್ನು ತಗ್ಗಿಸಿಯೇ ಹಿಡಿಯಿರಿ. ತಗ್ಗಿದ್ದನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಕೂಡಿಸಲು ಬರುವುದಿಲ್ಲ.

ಇನ್ನು ಕಾಲ. ನಮ್ಮ ಕಡೆ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಕೂರುವುದು ಆಗದ ಮಾತು, ಫ್ಯಾನ್ ಹಾಕಿದರೆ ಅದರ ಸದ್ದೇ ಹಾಡಿನ ತುಂಬ. ಮಳೆಗಾಲದಲ್ಲಿ ದಮ್ಮಡಿಯ ಚರ್ಮ ಸಡಿಲಾಗಿ ಗಳಿಗೆಗೊಮ್ಮೆ ಬೆಂಕಿಗೆ ಹಿಡಿಯಬೇಕು. ಭತ್ತದ ಕೊಯ್ಲು ಬಂತೆಂದರೆ ರಾತ್ರಿಯೆಲ್ಲ ಮಷಿನ್ನು, ಟ್ರ್ಯಾಕ್ಟರು. ಗವಿಮಠದ ಜಾತ್ರೆ ಮುಗಿದ ಮೇಲೆ, ಶಿವರಾತ್ರಿಗೆ ಮುಂಚೆ, ನಸುಕಿನ ಹೊತ್ತು ನನಗೆ ಒಗ್ಗಿದೆ. ಬರೆಯುವುದು, ತಿದ್ದುವುದು ಬೇಸಿಗೆಗೆ.

ಪ್ರಶ್ನೆ: ದನಿ ಬೇರೆ, ವಾದ್ಯ ಬೇರೆ, ಕ್ಲಿಕ್ ಟ್ರ್ಯಾಕ್ (ಕಿವಿಯಲ್ಲಿ ಲಯ ಹೇಳುವ ಸದ್ದು) ಹಾಕಿಕೊಂಡು ರೆಕಾರ್ಡ್ ಮಾಡುವುದೇ ಸರಿಯಾದ ಕ್ರಮ ಎನ್ನುತ್ತಾರೆ. ನೀವೇನಂತೀರಿ? — ಓದುಗರು, ಗಂಗಾವತಿ

ನಮ್ಮ ಹಾಡಿಗೆ ಅದು ಒಗ್ಗುವುದಿಲ್ಲ ಅಂತೀನಿ. ಚರಣದ ಕೊನೇ ಸಾಲನ್ನು ನಾನು ಎಳೆಯುವಾಗ, ದಮ್ಮಡಿ ಬಾರಿಸುವ ಅಣ್ಣ ನನ್ನ ಗಂಟಲ ಕಡೆಗೇ ನೋಡುತ್ತಿರುತ್ತಾರೆ. ನಾನು ಉಸಿರು ತೆಗೆದುಕೊಂಡದ್ದು ಕಂಡ ಮೇಲೆಯೇ ಪೆಟ್ಟು ಬೀಳುವುದು. ಪಲ್ಲವಿ ತಿರುಗಿ ಬರುವಾಗ ಲಯ ಕೂದಲೆಳೆಯಷ್ಟು ಮುಂದೆ ಹೋಗಿರುತ್ತದೆ, ಕೂತವರ ತಲೆ ಆಗ ತೂಗುತ್ತದೆ. ಕಿವಿಯಲ್ಲಿ ಟಕ್ ಟಕ್ ಅನ್ನುವ ಕ್ಲಿಕ್ ಇಟ್ಟುಕೊಂಡರೆ ನಾನೂ ಅವರನ್ನು ನೋಡುವುದಿಲ್ಲ, ಅವರೂ ನನ್ನನ್ನು ನೋಡುವುದಿಲ್ಲ.

ಒಟ್ಟಿಗೆ ಕೂತು ಹಾಡಿದರೆ ದಮ್ಮಡಿ ಸದ್ದು ನನ್ನ ಮೈಕಿಗೂ ಸೋರುತ್ತದೆ, ನಿಜ. ಒಂದು ಸಾಲು ತಪ್ಪಿದರೆ ಅದೊಂದನ್ನೇ ಕಿತ್ತು ಬೇರೆ ಹಾಕಲು ಬರುವುದಿಲ್ಲ. ಅದಕ್ಕೇ ತಿಂಗಳುಗಟ್ಟಲೆ ಭಜನಿಯಲ್ಲಿ, ಕಟ್ಟೆಯ ಮೇಲೆ, ಮದುವೆ ಮನೆಯಲ್ಲಿ ಹಾಡಿ ಹಾಡಿ ಪಳಗಿಸಿದ ಹಾಡನ್ನೇ ನಾನು ಮೈಕಿನ ಮುಂದೆ ತರುವುದು. ಇಡೀ ಹಾಡನ್ನು ಮತ್ತೆ ಮತ್ತೆ ಹಾಡಿ, ಇಡಿಯಾಗಿ ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳುತ್ತೇನೆ. ಮೈಕುಗಳನ್ನು ಒಂದಕ್ಕೊಂದು ಬೆನ್ನು ಮಾಡಿ ಇಟ್ಟರೆ ಸೋರುವುದು ಕಡಿಮೆಯಾಗುತ್ತದೆ. ಉಳಿದ ಸೋರಿಕೆ ಇರಲಿ, ಇಬ್ಬರೂ ಒಂದೇ ಕೋಣೆಯಲ್ಲಿದ್ದರು ಅನ್ನುವುದು ಕೇಳುವವರಿಗೆ ಅದರಿಂದಲೇ ಗೊತ್ತಾಗುತ್ತದೆ.

ಪ್ರಶ್ನೆ: ನನ್ನ ಒಂದು ಕಥನ ಗೀತೆ 9 ನಿಮಿಷ ಇದೆ. ಕತ್ತರಿಸಲೇ? — ಓದುಗರು, ಸಂಡೂರು

ನಿಮ್ಮ ತಾಲ್ಲೂಕಿನವರೇ ಆದ ದರೋಜಿ ಈರಮ್ಮ ಓದು ಬರಹ ಇಲ್ಲದೆ, ಗಂಟೆಗಟ್ಟಲೆ ಬುರ್ರಕಥೆ ಹಾಡಿ ಜನರನ್ನು ಕೂರಿಸಿದವರು. 9 ನಿಮಿಷಕ್ಕೆ ಹೆದರಬೇಡಿ. ಕಥೆ ಮುಂದೆ ಸಾಗದೆ ನಿಂತ ಜಾಗ ಇದ್ದರೆ ಅಲ್ಲಿ ಮಾತ್ರ ಕತ್ತರಿಸಿ.

ಪ್ರಶ್ನೆ: ಒಂದು ಕಂಪನಿಯವರು ಒಂದೇ ಸಲ ಹಣ ಕೊಟ್ಟು ‘ಎಲ್ಲ ಹಕ್ಕು ನಮ್ಮದು’ ಎಂಬ ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ. ಹಾಡು, ಧಾಟಿ ಎರಡೂ ನನ್ನವೇ. — ಹೆಸರು ಬೇಡ, ರಾಯಚೂರು

ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ. ಒಂದು ಹಾಡಿನಲ್ಲಿ ಮೂರು ಹಕ್ಕು ಇರುತ್ತವೆ: ಸಾಹಿತ್ಯದ್ದು, ಧಾಟಿಯದ್ದು, ರೆಕಾರ್ಡಿಂಗಿನದ್ದು. ಮೊದಲ ಎರಡು ಕಟ್ಟಿದವರಿಗೆ ಜೀವಮಾನಪೂರ್ತಿ, ಆಮೇಲೆ ವಾರಸುದಾರರಿಗೆ 60 ವರ್ಷ. ರೆಕಾರ್ಡಿಂಗಿನ ಹಕ್ಕು ಅದನ್ನು ಮಾಡಿಸಿದವರದ್ದು, ಹಾಗಾಗಿ ಸಾಲ ಮಾಡಿಯಾದರೂ ರೆಕಾರ್ಡಿಂಗ್ ನೀವೇ ಮಾಡಿಸುವುದು ಒಳ್ಳೆಯದು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಧ್ವನಿಮುದ್ರಣದಲ್ಲಿ ಸೇರಿದ ಸಾಹಿತ್ಯ, ಸಂಗೀತದ ರಾಯಲ್ಟಿಯಲ್ಲಿ ಹಕ್ಕು ಬರೆಸಿಕೊಂಡವರ ಜೊತೆ ಕಟ್ಟಿದವರಿಗೂ ಸಮಪಾಲು ಇದೆ. ಆ ಪಾಲನ್ನು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡರೂ ನಡೆಯುವುದಿಲ್ಲ. ಕಾಗದದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾನೂನು ತಿಳಿಯುತ್ತದೆ. ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂಬ ಮಾತು ಸಣ್ಣಕ್ಷರದಲ್ಲಿ ಎಲ್ಲಿದೆ ಹುಡುಕಿ. ಹಾಡು ಬಳಸಿದವರಿಂದ ರಾಯಲ್ಟಿ ವಸೂಲಿ ಮಾಡಿ ಕಟ್ಟಿದವರಿಗೆ ಹಂಚುವ, 1969ರಲ್ಲಿ ಶುರುವಾದ ಐಪಿಆರ್‌ಎಸ್ ಸಂಸ್ಥೆಗೆ ಸಾಹಿತಿಯಾಗಿ, ಸಂಗೀತ ಕಟ್ಟಿದವರಾಗಿ ಎರಡೂ ರೀತಿ ಸದಸ್ಯರಾಗಿ. ನಿಮ್ಮ ಹಾಡಿನ ಮೇಲೆ ನಿಮಗಿರುವ ಹಕ್ಕನ್ನು ಯಾರಿಗೂ ಸಸಾರ ಮಾಡಿಕೊಡಬೇಡಿ.

ಪ್ರಶ್ನೆ: ಮೊಹರಂನಲ್ಲಿ ನಮ್ಮೂರ ಅಜ್ಜನೊಬ್ಬರು ಹಾಡುವ ರಿವಾಯತ್ ಪದದ ಧಾಟಿಗೆ ನನ್ನ ಸಾಲು ಕೂಡಿಸಿದ್ದೇನೆ. ಸಂಗೀತ ಎಂದು ಯಾರ ಹೆಸರು ಹಾಕಲಿ? — ಓದುಗರು, ಮುದಗಲ್

ನಿಮ್ಮ ಹೆಸರಂತೂ ಬೇಡ. ‘ಸಾಂಪ್ರದಾಯಿಕ ಧಾಟಿ, ಕಲಿಸಿದವರು’ ಎಂದು ಬರೆದು ಅಜ್ಜನ ಹೆಸರು, ಊರಿನ ಹೆಸರು ಹಾಕಿ. ಮಾನ್ವಿಯ ಜಗನ್ನಾಥದಾಸರ ಪದವನ್ನಾಗಲಿ, ಮೊಹರಂನ ಅಲಾಯಿ ಹಾಡನ್ನಾಗಲಿ ಯಾರು ಬೇಕಾದರೂ ಹಾಡಬಹುದು, ಕೃತಿಸ್ವಾಮ್ಯ ಅಡ್ಡ ಬರುವುದಿಲ್ಲ. ಆದರೆ ಅಜ್ಜ ಹಾಡಿದ್ದನ್ನು ನೀವು ಫೋನಿನಲ್ಲಿ ಹಿಡಿದಿದ್ದರೆ, ಅವರ ದನಿಯ ಆ ತುಣುಕನ್ನು ಕೇಳದೆ ಬಳಸಬೇಡಿ. ಹಾಡು ತಯಾರಾದ ಮೇಲೆ ಬಿಡುಗಡೆಗೆ ಮೊದಲು ಅವರ ಮನೆಗೆ ಹೋಗಿ ಕೇಳಿಸಿ, ಬಂದ ಹಣದಲ್ಲಿ ಪಾಲು ಮಾತಾಡಿ. ಅವರು ‘ಹಿಂಗ ಬ್ಯಾಡ’ ಅಂದ ಸಾಲನ್ನು ತಿದ್ದಿ.

ಪ್ರಶ್ನೆ: ಸಿನಿಮಾ ಹಾಡಿನ ಪಕ್ಕ ನನ್ನದು ಸಣ್ಣಗೆ ಕೇಳುತ್ತದೆ. ಬಿಡುಗಡೆಗೆ ಮುಂಚಿನ ಕೊನೆಯ ಹದ, ಅಂದರೆ ಮಾಸ್ಟರಿಂಗ್‌ನಲ್ಲಿ ಜೋರು ಮಾಡಿಸಲೇ? — ಓದುಗರು, ಕುಷ್ಟಗಿ

ಬೇಡ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ದನಿಯ ಜೋರು ಅಳೆಯುವ ಮಾನ) ಮಟ್ಟಕ್ಕೆ ತಂದು ಕೇಳಿಸುತ್ತದೆ, ನೀವು ಒತ್ತಿ ಜೋರು ಮಾಡಿದ್ದನ್ನು ಅದೇ ತಗ್ಗಿಸುತ್ತದೆ. ಇನ್ನೊಂದು ಅನುಕೂಲವೂ ಇದೆ: ಕೇಳುವವರು ಆಲ್ಬಮ್ಮನ್ನು ಇಡಿಯಾಗಿ ಹಾಕಿಕೊಂಡು ಕೇಳಿದರೆ ಸ್ಪಾಟಿಫೈ ಹಾಡು ಹಾಡಿನ ನಡುವಿನ ಏರಿಳಿತವನ್ನು ಹಾಗೇ ಉಳಿಸುತ್ತದೆ. ನಿಮ್ಮ ಜೋಗುಳವನ್ನು ಜೋಗುಳದಷ್ಟೇ ಮೆಲ್ಲಗೆ ಇಡಿ.