ನೆಟ್ ಆಕಾಶದಿಂದ ಇಳಿಯುವುದಿಲ್ಲ, ಮೇಡಂ

ಓದುಗರ ಪತ್ರ:

ಮಾನ್ಯರೇ, ಮನೆಗೆ ಫೈಬರ್ ನೆಟ್ ಹಾಕಿಸಿ ಎರಡು ವರ್ಷವಾಯಿತು. 40 ಎಂಬಿ ಪ್ಲಾನ್. ದಿನಾ ರಾತ್ರಿ ಎಂಟರಿಂದ ಹತ್ತರವರೆಗೆ ಆಮೆಯ ಹಾಗೆ ತೆವಳುತ್ತದೆ. ಅಂಗಡಿಯವರು ಮೂರೂವರೆ ಸಾವಿರದ ಹೊಸ ರೂಟರ್ ಹಾಕಿಸಿ ಎನ್ನುತ್ತಾರೆ. ಈ ನೆಟ್ ಎಲ್ಲಿಂದ ಬರುತ್ತದೆ ಎಂದು ಮಗನನ್ನು ಕೇಳಿದರೆ, ‘ಸ್ಯಾಟಲೈಟ್‌ನಿಂದ. ನಿನಗ್ಯಾಕಮ್ಮ ಅದೆಲ್ಲ, ಬಳಸೋದು ಗೊತ್ತಿದ್ರೆ ಸಾಕು’ ಎಂದ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನನ್ನಂಥವಳಿಗೆ ಇದು ತಿಳಿಯುವ ವಿಷಯವೇ?
– ನಿವೃತ್ತ ಶಿಕ್ಷಕಿ, ವಿನೋಬನಗರ, ದಾವಣಗೆರೆ

ಸಂಪಾದಕರ ಉತ್ತರ:

ನಿಮ್ಮ ಮಗ ಹೇಳಿದ್ದರಲ್ಲಿ ಒಂದಿಷ್ಟು ನಿಜವಿದೆ, ಒಪ್ಪೋಣ. ಬಸ್ ಹತ್ತುವವರು ಇಂಜಿನ್ ಬಿಚ್ಚಿ ನೋಡಬೇಕಿಲ್ಲ. ಆದರೆ ಬೋರ್ಡ್ ಓದದೆ, ಯಾವ ಊರಿನ ಮೇಲೆ ಹೋಗುತ್ತದೆ ಎಂದು ಕೇಳದೆ ಬಸ್ ಹತ್ತುವವರೂ ಇಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟುವ ವಸ್ತು ಯಾವ ದಾರಿಯಲ್ಲಿ ಮನೆಗೆ ಬರುತ್ತದೆ ಎಂದು ತಿಳಿಯಬಯಸಿದ್ದೀರಿ. ಈ ಪತ್ರಿಕೆಗೆ ಬರುವ ಕಾಗದಗಳಲ್ಲಿ ಇಂಥ ಪ್ರಶ್ನೆ ಅಪರೂಪ. ‘ನನ್ನಂಥವಳಿಗೆ ತಿಳಿಯುತ್ತದೆಯೇ’ ಎಂಬ ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳಿ. ಮಕ್ಕಳಿಗೆ ಕಾಗುಣಿತ ಕಲಿಸಿದವರಿಗೆ ಇದು ಬೇಗ ತಿಳಿಯುತ್ತದೆ. ಏಕೆಂದು ಮುಂದೆ ಹೇಳುತ್ತೇನೆ.

ಮೊದಲು ಸ್ಯಾಟಲೈಟ್ ಮಾತು ಮುಗಿಸೋಣ. ಟೀವಿಯ ಡಿಶ್ ನೋಡುವ ಉಪಗ್ರಹಗಳು ನೆಲದಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ನಿಮ್ಮ ಕೋರಿಕೆ ಅಲ್ಲಿಗೆ ಏರಿ, ಇಳಿದು, ಉತ್ತರ ಮತ್ತೆ ಏರಿ ಇಳಿಯಲು ಬೆಳಕಿನ ವೇಗದಲ್ಲೂ ಅರ್ಧ ಸೆಕೆಂಡ್ ಹತ್ತಿರ ಬೇಕು. ಹಾಗೆ ಬಂದಿದ್ದರೆ ಮೊಮ್ಮಕ್ಕಳ ಜತೆ ವಿಡಿಯೊ ಕಾಲ್‌ನಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿದ್ದು ರಗಳೆಯಾಗುತ್ತಿತ್ತು. ಕೆಳಗಿನ ಕಕ್ಷೆಯ ಹೊಸ ಉಪಗ್ರಹಗಳು ಬಂದಿರುವುದು ನಿಜ. ತಂತಿ ಮುಟ್ಟದ ಕಾಡು, ಕಡಲು, ಗುಡ್ಡಕ್ಕೆ ಅವು ಬೇಕು. ವಿನೋಬನಗರಕ್ಕೆ ಬರುವುದು ತಂತಿ. ಮೊಬೈಲ್ ನೆಟ್ ಕೂಡ ಕೈಯಿಂದ ಟವರ್‌ವರೆಗೆ ಮಾತ್ರ ಗಾಳಿಯಲ್ಲಿ. ಟವರ್‌ನಿಂದಾಚೆಗೆ ಒಂದೆರಡು ಮಜಲು ರೇಡಿಯೊ ಕೊಂಡಿ ಇದ್ದರೂ ಬಹುಬೇಗ ಗಾಜಿನ ತಂತಿಗೆ ಸೇರಲೇಬೇಕು. ‘ಟವರ್ ಫುಲ್ ಇದೆ, ನೆಟ್ ಇಲ್ಲ’ ಎಂದು ಜನ ಗೊಂದಲಪಡುವುದು ಇಲ್ಲಿಯೇ. ಆ ಕಡ್ಡಿಗಳು ನಿಮ್ಮ ಕೈಗೂ ಟವರ್‌ಗೂ ನಡುವಿನ ಸ್ಥಿತಿಯನ್ನಷ್ಟೇ ಹೇಳುತ್ತವೆ. ಟವರ್‌ನ ಹಿಂದಿನ ತಂತಿ ತುಂಡಾಗಿದ್ದರೂ ಕಡ್ಡಿ ಪೂರ್ತಿ ಕಾಣಬಹುದು.

ಈಗ ನಿಮ್ಮ ಮನೆಯ ತಂತಿ ಹಿಡಿದು ಹೊರಡೋಣ. ಗೋಡೆಯಿಂದ ಬಂದು ಬಾಕ್ಸಿಗೆ ಸಿಕ್ಕಿಕೊಂಡ ತೆಳ್ಳನೆಯ ವೈರಿನ ಒಳಗೆ ತಾಮ್ರವಿಲ್ಲ, ಗಾಜಿದೆ. ಗಾಜಿನ ಎಳೆಯ ಒಟ್ಟು ದಪ್ಪ 0.125 ಮಿ.ಮೀ., ಹೆಚ್ಚುಕಡಿಮೆ ತಲೆಗೂದಲಿನಷ್ಟು. ಅದರ ನಟ್ಟನಡುವೆ ಬೆಳಕು ಹರಿಯುವ ತಿರುಳು, ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂಬತ್ತು ಪಾಲು ಮಾತ್ರ. ಬೀದಿಯಲ್ಲಿ ಫೈಬರ್ ತುಂಡಾದಾಗ ಕಂಬದ ಕೆಳಗೆ ಕೂತು ಜಾಯಿಂಟ್ ಹಾಕುವ ಹುಡುಗರ ಕೈಕೆಲಸವನ್ನು ಒಮ್ಮೆ ನಿಂತು ನೋಡಿ. ಮೇಲಿನ ಸಿಪ್ಪೆ ಸುಲಿದು, ಎಳೆಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಎರಡು ತುದಿಗಳನ್ನು ಸಣ್ಣ ಮಷಿನ್ನಿನೊಳಗೆ ಎದುರುಬದುರು ಇಡುತ್ತಾರೆ. ಒಂದು ವಿದ್ಯುತ್ ಕಿಡಿ ಗಾಜನ್ನು ಕರಗಿಸಿ ಬೆಸೆಯುತ್ತದೆ. ಕೈಯ ಎಣ್ಣೆ, ಬೀದಿಯ ಧೂಳು ತಾಗಿದರೆ, ಕತ್ತರಿಸಿದ ತುದಿ ಓರೆಯಾಗಿದ್ದರೆ ಬೆಳಕು ಅಲ್ಲೇ ಸೋರುತ್ತದೆ. ಬಿಸಿಲಲ್ಲಿ ಕೂತು ಇಷ್ಟು ನಾಜೂಕಿನ ಕೆಲಸ ಮಾಡುವವರನ್ನು ನಾವು ‘ಕೇಬಲ್‌ನವನು’ ಎಂದು ಕರೆದು ಸುಮ್ಮನಾಗುತ್ತೇವೆ. ಅವರು ಕುಶಲಕರ್ಮಿಗಳು.

ನಿಮ್ಮ ಎಳೆ ಬೀದಿಯ ಕಂಬದಲ್ಲೋ ಮೂಲೆಯ ಡಬ್ಬಿಯಲ್ಲೋ ಸ್ಪ್ಲಿಟರ್ ಎಂಬ ಸಣ್ಣ ಗಾಜಿನ ಕವಲನ್ನು ಸೇರುತ್ತದೆ. ಒಂದೇ ಮೂಲ ಎಳೆಯನ್ನು ಅಲ್ಲಿ 32 ಅಥವಾ 64 ಮನೆಗೆ ಹಂಚಿರುತ್ತಾರೆ. ಹೀಗೆ ಹಂಚುವ, ಹೆಚ್ಚು ಬಳಕೆಯಲ್ಲಿರುವ ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಆ ಮೂಲ ಎಳೆಯಲ್ಲಿ ಹರಿಯುವುದು ಸೆಕೆಂಡಿಗೆ 2.5 ಗಿಗಾಬಿಟ್, ಅಂದರೆ 2,500 ಮೆಗಾಬಿಟ್. 64 ಮನೆಯವರೂ ಒಂದೇ ಗಳಿಗೆಯಲ್ಲಿ ಪೂರ್ತಿ ಎಳೆದರೆ ತಲಾ 39 ಮೆಗಾಬಿಟ್ ಚಿಲ್ಲರೆ. ಅಲ್ಲಿಂದ ಬೆಂಗಳೂರಿಗೆ ಹೋಗುವ ದಾರಿಯೂ ಹಂಚಿಕೆಯದೇ, ಮತ್ತು ಬಿಗಿ ಬೀಳುವುದು ಹೆಚ್ಚಾಗಿ ಅಲ್ಲಿಯೇ. ಭದ್ರಾ ನಾಲೆಯ ಕೊನೇ ಭಾಗದ ರೈತರನ್ನು ಬಲ್ಲ ನಮ್ಮ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲೆಯಲ್ಲಿ ನೀರು ಬಿಟ್ಟಿದ್ದಾರೆ, ನಿಜ. ಮೇಲಿನ ತೂಬುಗಳೆಲ್ಲ ಒಟ್ಟಿಗೆ ತೆರೆದರೆ ಕೊನೆಯ ಗದ್ದೆಗೆ ಎಷ್ಟು ತಲುಪುತ್ತದೆ? ರಾತ್ರಿ ಎಂಟರಿಂದ ಹತ್ತು ಅಂಥ ಹೊತ್ತು. ಬೀದಿಯ ಮನೆಮನೆಯಲ್ಲೂ ಆಗ ಟೀವಿಗೆ ನೆಟ್ ಹಚ್ಚಿರುತ್ತಾರೆ.

ಇನ್ನು ‘40 ಎಂಬಿ’ ಎಂಬ ಲೆಕ್ಕ. ಪ್ಲಾನ್‌ನಲ್ಲಿ ಬರೆಯುವುದು ಮೆಗಾಬಿಟ್, ಫೋನು ಫೈಲಿನ ತೂಕ ತೋರಿಸುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿ ಒಂದು ಬೈಟ್. ಅಂದರೆ 40ರ ಪ್ಲಾನ್‌ನಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 5 ಮೆಗಾಬೈಟ್; 700 ಮೆಗಾಬೈಟ್ ಸಿನಿಮಾಕ್ಕೆ 140 ಸೆಕೆಂಡ್. ಇದಕ್ಕಿಂತ ಬೇಗ ಬರಲಿಲ್ಲವೆಂದು ಯಾರನ್ನೂ ದೂರುವಂತಿಲ್ಲ. ಅರ್ಧಕ್ಕರ್ಧ ತಡವಾದರೆ ಕೇಳುವ ಹಕ್ಕು ನಿಮ್ಮದು.

ಕಾಗುಣಿತದ ಮಾತಿಗೆ ಬರುತ್ತೇನೆ. ನೀವು ವಾಟ್ಸ್ಆ್ಯಪ್‌ನಲ್ಲಿ ‘ದಾವಣಗೆರೆ’ ಎಂದು ಬರೆಯುತ್ತೀರಿ. ಕಣ್ಣಿಗೆ ಕಾಣುವುದು ಐದು ಅಕ್ಷರ. ಕಂಪ್ಯೂಟರ್ ಅದನ್ನು ನೀವು ಮಕ್ಕಳಿಗೆ ಕಲಿಸಿದ ಕ್ರಮದಲ್ಲೇ ಬಿಡಿಸುತ್ತದೆ: ದ, ಅದಕ್ಕೊಂದು ದೀರ್ಘ, ವ, ಣ, ಗ, ಅದಕ್ಕೊಂದು ಏತ್ವ, ರ, ಮತ್ತೊಂದು ಏತ್ವ. ಒಟ್ಟು ಎಂಟು ಗುರುತು. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪದ್ಧತಿಯ ರೂಢಿಯ ಬರವಣಿಗೆಯಲ್ಲಿ ಕನ್ನಡದ ಪ್ರತಿ ಗುರುತಿಗೆ ಮೂರು ಬೈಟ್, ಹೀಗಾಗಿ ಊರಿನ ಹೆಸರು 24 ಬೈಟ್. ಈ ಬೈಟ್‌ಗಳನ್ನು ನೆಟ್ ಕಟ್ಟು ಕಟ್ಟಿ ಕಳಿಸುತ್ತದೆ. ಒಂದು ಕಟ್ಟಿಗೆ ಪ್ಯಾಕೆಟ್ ಎಂದು ಹೆಸರು. ಸಾಮಾನ್ಯವಾಗಿ ಅದರ ಮಿತಿ 1,500 ಬೈಟ್. ವಿಳಾಸ, ಕ್ರಮಸಂಖ್ಯೆ ಇತ್ಯಾದಿಗೆ 40 ಬೈಟ್ ಹೋದರೆ ಸರಕಿಗೆ ಉಳಿಯುವುದು 1,460. ‘ದಾವಣಗೆರೆ’ ಎಂದು 60 ಸಲ ಬರೆದರೂ ಒಂದೇ ಪ್ಯಾಕೆಟ್‌ನಲ್ಲಿ ಹಿಡಿಯುತ್ತದೆ. 30 ಲಕ್ಷ ಬೈಟ್‌ನ ಒಂದು ಫೋಟೊಕ್ಕೆ ಎರಡು ಸಾವಿರ ದಾಟಿದ ಪ್ಯಾಕೆಟ್ ಬೇಕು.

ಚಿಕ್ಕಜಾಜೂರು ಜಂಕ್ಷನ್ ನೆನೆಸಿಕೊಳ್ಳಿ. ಬೀರೂರು ಕಡೆಯಿಂದ ಬಂದ ಗಾಡಿ ದಾವಣಗೆರೆಗೆ ಹೋಗಬೇಕೋ, ಚಿತ್ರದುರ್ಗ–ರಾಯದುರ್ಗದ ಹಾದಿ ಹಿಡಿಯಬೇಕೋ ಅಲ್ಲಿ ತೀರ್ಮಾನವಾಗುತ್ತದೆ. ರೂಟರ್ ಎಂದರೆ ಇಂಥ ಜಂಕ್ಷನ್. ವ್ಯತ್ಯಾಸವೆಂದರೆ ಇಲ್ಲಿ ಬೋಗಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿಲ್ಲ. ಪ್ರತಿ ಬೋಗಿಯ ಮೇಲೂ ಸೇರಬೇಕಾದ ಊರಿನ ಹೆಸರಿದೆ, ಪ್ರತಿ ಜಂಕ್ಷನ್ನಿನಲ್ಲೂ ಅದನ್ನು ಓದಿ ಮುಂದಿನ ಜಂಕ್ಷನ್ನಿಗೆ ದಾಟಿಸುತ್ತಾರೆ. ಕೆಲವು ಒಂದು ದಾರಿ, ಕೆಲವು ಇನ್ನೊಂದು ದಾರಿ ಹಿಡಿಯಬಹುದು, ಹಿಂದುಮುಂದಾಗಿ ಬರಬಹುದು. ತಲುಪಿದ ಕಡೆ ಕ್ರಮಸಂಖ್ಯೆ ನೋಡಿ ಜೋಡಿಸಿ, ಬಾರದ್ದನ್ನು ಮತ್ತೆ ಕಳಿಸಿ ಎಂದು ಕೇಳುವ ನಿಯಮ ಟಿಸಿಪಿ. ರಿಜಿಸ್ಟರ್ಡ್ ಪೋಸ್ಟಿನ ಸ್ವೀಕೃತಿ ಚೀಟಿಯಂತೆ. ವಿಡಿಯೊ ಕಾಲ್‌ಗೆ ಹೀಗೆ ಕಾಯುವ ಪುರುಸೊತ್ತಿಲ್ಲ. ಕಳೆದದ್ದನ್ನು ಬಿಟ್ಟು ಮುಂದೆ ಓಡುತ್ತದೆ, ಮುಖ ಚೌಕ ಚೌಕವಾಗಿ ಒಡೆಯುವುದು ಆಗಲೇ. ದಾರಿ ತಪ್ಪಿದ ಪ್ಯಾಕೆಟ್ ಸುತ್ತುತ್ತಲೇ ಇರಬಾರದೆಂದು ಪ್ರತಿಯೊಂದಕ್ಕೂ ಒಂದು ಎಣಿಕೆ ಹಚ್ಚಿರುತ್ತಾರೆ, ಸಾಮಾನ್ಯವಾಗಿ 64 ಅಥವಾ 128. ಪ್ರತಿ ಜಂಕ್ಷನ್ನಿನಲ್ಲಿ ಒಂದು ಕಳೆಯುತ್ತದೆ, ಸೊನ್ನೆಯಾದರೆ ಎಸೆದುಬಿಡುತ್ತಾರೆ.

ಇಷ್ಟೆಲ್ಲ ನಡೆದಿರುವುದು ಒಂದು ಒಪ್ಪಂದದ ಮೇಲೆ. 1969ರ ಅಕ್ಟೋಬರ್ 29ರಂದು, ಇಂಟರ್ನೆಟ್‌ನ ಮೂಲವಾದ ಅರ್ಪಾನೆಟ್ ಜಾಲದಲ್ಲಿ, ಕ್ಯಾಲಿಫೋರ್ನಿಯಾದ ಎರಡು ಕಂಪ್ಯೂಟರ್‌ಗಳ ನಡುವೆ ಮೊದಲ ಸಂದೇಶ ಹೊರಟಾಗ ‘ಲಾಗಿನ್’ ಎಂದು ಕಳಿಸಬೇಕಿತ್ತು. ಎಲ್, ಒ ಎರಡಕ್ಷರ ದಾಟುವಷ್ಟರಲ್ಲಿ ಆಚೆಯ ಯಂತ್ರ ಕುಸಿಯಿತು. ಅಮೆರಿಕದ ಕಂಪ್ಯೂಟರ್ ತಜ್ಞರಾದ ವಿಂಟ್ ಸರ್ಫ್, ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದ ವಿಚಾರದಿಂದ ಬೆಳೆದ ನಿಯಮಗಳಿಗೆ ಆ ಜಾಲ ಪೂರ್ತಿ ಬದಲಾದದ್ದು 1983ರ ಜನವರಿ 1ರಂದು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ನೆಟ್ ದಕ್ಕಿದ್ದು 1995ರ ಆಗಸ್ಟ್ 15ಕ್ಕೆ, ಆಗಿನ ಸರ್ಕಾರಿ ಕಂಪನಿ ವಿಎಸ್ಎನ್ಎಲ್ ಮೂಲಕ. ಯಂತ್ರ ಯಾವ ಕಂಪನಿಯದಾದರೂ ವ್ಯಾಕರಣ ಒಂದೇ ಎಂದು ಒಪ್ಪಿಕೊಂಡದ್ದರಿಂದ ಇವೆಲ್ಲ ಕೂಡಿಕೊಂಡವು. ವ್ಯಾಕರಣದ ಬಲ ಎಂಥದ್ದೆಂದು ನಿಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಓಡುತ್ತದೆ, ಹಾಗಾಗಿ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಈ ದೂರಕ್ಕೆ ಅದರಲ್ಲಿ ಸುಮಾರು 1.3 ಪಾಲು ಸಾಕು. ಜನ ಹೆಚ್ಚು ನೋಡುವ ವಿಡಿಯೊಗಳ ಪ್ರತಿಗಳನ್ನು ದೊಡ್ಡ ಕಂಪನಿಗಳು ಇಂಥ ನಗರಗಳಲ್ಲೇ ಇಟ್ಟಿರುತ್ತವೆ, ಅವು ಅಮೆರಿಕದಿಂದ ಬರುವುದಿಲ್ಲ. ಹೊರದೇಶದ್ದು ಬೇಕಾದಾಗ ಪ್ಯಾಕೆಟ್ ಮುಂಬೈ ಅಥವಾ ಚೆನ್ನೈ ದಡದಲ್ಲಿ ಸಮುದ್ರಕ್ಕಿಳಿಯುತ್ತದೆ. ಖಂಡಗಳ ನಡುವಿನ ಸಂಚಾರ ಬಹುಪಾಲು ನಡೆಯುವುದು ಕಡಲ ತಳದ ಕೇಬಲ್‌ಗಳಲ್ಲಿ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್ ಕೆಟ್ಟದ್ದೇ ತಡ, ಭಾರತದ ಹೊರಸಂಪರ್ಕದ ದೊಡ್ಡ ಪಾಲು ಕುಸಿದು ಬೆಂಗಳೂರಿನ ಕಚೇರಿಗಳು ತೊಳಲಾಡಿದವು.

ವಿಳಾಸದ ಮಾತು ಸ್ವಲ್ಪ. ನೆಟ್‌ನಲ್ಲಿ ಸಾಧನಗಳನ್ನು ಗುರುತಿಸುವ ಸಂಖ್ಯೆಗೆ ಐಪಿ ವಿಳಾಸ ಎಂದು ಹೆಸರು. ಹಳೆಯ ಪದ್ಧತಿಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ, ಜಗತ್ತಿನ ಸಾಧನಗಳಿಗೆ ಸಾಲುವುದಿಲ್ಲ. ಹಾಗಾಗಿ ಮನೆಯೊಳಗೆ 192.168 ಎಂದು ಶುರುವಾಗುವ ಮನೆಬಳಕೆಯ ಸಂಖ್ಯೆಗಳು. ವಿದ್ಯಾನಗರದಲ್ಲೂ ಮೂರನೇ ಕ್ರಾಸ್, ವಿನೋಬನಗರದಲ್ಲೂ ಮೂರನೇ ಕ್ರಾಸ್ ಇದ್ದಂತೆ, ಪಕ್ಕದ ಮನೆಯಲ್ಲೂ ಅದೇ ಸಂಖ್ಯೆ ಇರಬಹುದು, ತೊಂದರೆಯಿಲ್ಲ. ಹೊರಗೆ ಹೋಗುವಾಗ ರೂಟರ್ ಅದನ್ನು ಹೊರವಿಳಾಸಕ್ಕೆ ಬದಲಿಸುತ್ತದೆ. ನಾವು ಸಂಖ್ಯೆ ನೆನಪಿಡದೆ ಹೆಸರು ಟೈಪ್ ಮಾಡುತ್ತೇವಲ್ಲ, ಹೆಸರಿನಿಂದ ಸಂಖ್ಯೆ ಹುಡುಕಿಕೊಡುವ ದಫ್ತರವೇ ಡಿಎನ್ಎಸ್. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತರ ಸುಮಾರಿಗೆ ಫೇಸ್‌ಬುಕ್, ವಾಟ್ಸ್ಆ್ಯಪ್ ಆರು ಗಂಟೆ ಕಣ್ಮರೆಯಾದವಲ್ಲ? ನಿರ್ವಹಣೆ ಕೆಲಸದಲ್ಲಾದ ತಪ್ಪಿನಿಂದ ಆ ಕಂಪನಿಯ ಜಾಲಕ್ಕೆ ಹೋಗುವ ದಾರಿಗಳೇ ಜಗತ್ತಿನ ರೂಟರ್‌ಗಳಿಂದ ಅಳಿಸಿಹೋದವು, ಅದರ ಡಿಎನ್ಎಸ್ ಕೂಡ ಕೈಗೆ ಸಿಗದಂತಾಯಿತು. ಆ ರಾತ್ರಿ ಎಷ್ಟು ಜನ ತಮ್ಮ ಫೋನೇ ಕೆಟ್ಟಿತೆಂದು ಆಫ್–ಆನ್ ಮಾಡುತ್ತ ಕೂತರೋ! ದಾರಿ ಗೊತ್ತಿಲ್ಲದವರು ತಪ್ಪನ್ನು ತಮ್ಮ ಮೇಲೇ ಹೊತ್ತುಕೊಳ್ಳುತ್ತಾರೆ. ನನಗೆ ಸಂಕಟವಾಗುವುದು ಇದಕ್ಕೆ.

ಶಾಲೆಯಲ್ಲಿ ಇದನ್ನು ಕಲಿಸುತ್ತಿಲ್ಲವೇ ಎಂದು ನೀವು ಕೇಳಬಹುದು. ಮಕ್ಕಳಿಗೆ ಕಲಿಸುತ್ತಿರುವುದು ಹೆಚ್ಚಾಗಿ ಸಂಕ್ಷೇಪಾಕ್ಷರಗಳ ವಿಸ್ತರಣೆ: ಡಬ್ಲ್ಯುಡಬ್ಲ್ಯುಡಬ್ಲ್ಯು ಎಂದರೇನು, ಎಚ್‌ಟಿಟಿಪಿ ಎಂದರೇನು. ಒಂದು ಅಂಕದ ಪ್ರಶ್ನೆ, ಒಂದು ಅಂಕದ ಉತ್ತರ. ವೆಬ್ ಬೇರೆ, ಇಂಟರ್ನೆಟ್ ಬೇರೆ, ವೆಬ್ ಎನ್ನುವುದು ಟಿಮ್ ಬರ್ನರ್ಸ್-ಲೀ 1989ರಲ್ಲಿ ಈ ದಾರಿಗಳ ಮೇಲೆ ಓಡಿಸಲು ಪ್ರಸ್ತಾಪಿಸಿದ ಒಂದು ಗಾಡಿ ಮಾತ್ರ ಎಂದು ಹೇಳಿಕೊಡುವವರು ಕಡಿಮೆ. ಬ್ರೌಸರಿನ ಬೀಗದ ಚಿಹ್ನೆ ದಾರಿಯಲ್ಲಿ ಯಾರೂ ಕದ್ದು ಓದದಂತೆ ಕಾಯುತ್ತದೆ, ಆಚೆ ಕೂತವನು ಸಂಭಾವಿತ ಎಂದು ಅದು ಹೇಳುವುದಿಲ್ಲ. ಈ ಒಂದು ವಾಕ್ಯ ಮನೆಮನೆಗೆ ತಲುಪಿದ್ದರೆ ನಕಲಿ ಬ್ಯಾಂಕ್ ಪುಟಗಳಲ್ಲಿ ಒಟಿಪಿ ಕೊಟ್ಟು ಪಿಂಚಣಿ ಕಳೆದುಕೊಂಡವರಲ್ಲಿ ಕೆಲವರಾದರೂ ಉಳಿಯುತ್ತಿದ್ದರು. ಕನ್ನಡದ ಕೈಪಿಡಿಗಳು ‘ಅಂತರಜಾಲ’ ಎಂಬ ಪದ ಕೊಟ್ಟು ಕೈತೊಳೆದುಕೊಂಡಿವೆ. ಪದ ಚೆನ್ನಾಗಿದೆ, ಒಳಗಿನ ಸಂಗತಿ ಎಲ್ಲಿ? ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಕೊನೆಯಾಗುವ ವಿಳಾಸ ಪಡೆಯಬಹುದು. ಅದನ್ನು ಬಳಸಿದ ಕನ್ನಡದ ಸಂಸ್ಥೆಗಳನ್ನು ಹುಡುಕಬೇಕಾಗಿದೆ. ಅತ್ತ ರಸ್ತೆ ಅಗೆಯುವವರಿಗೆ ನೆಲದಡಿ ಏನಿದೆಯೆಂಬ ಗೊಡವೆಯಿಲ್ಲ. ಅಗೆಯುವ ಮೊದಲು ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಜೆಸಿಬಿಯ ಒಂದು ಬಕೆಟ್‌ಗೆ ಒಂದು ಬಡಾವಣೆಯ ಆನ್‌ಲೈನ್ ಪರೀಕ್ಷೆ, ಅಂಗಡಿಗಳ ಯುಪಿಐ ಎಲ್ಲ ನಿಂತುಹೋಗುತ್ತದೆ.

ಈಗ ನಿಮ್ಮ ರೂಟರ್. ಮೂರೂವರೆ ಸಾವಿರ ಇನ್ನೂ ಕೊಡಬೇಡಿ. ಮೊದಲು ಬಾಕ್ಸಿನ ದೀಪ ನೋಡಿ. ‘ಎಲ್ಒಎಸ್’ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ, ಹೊರಗಿನ ತಂತಿಯ ತೊಂದರೆ. ನೀವು ಎಷ್ಟು ಸಲ ಆಫ್ ಮಾಡಿದರೂ ಪ್ರಯೋಜನವಿಲ್ಲ. ಬಾಕ್ಸಿನ ಹಿಂದೆ ವೈರನ್ನು ಬಿಗಿಯಾಗಿ ಮಡಚಿದ್ದರೆ ಬಳೆಯಷ್ಟು ಅಗಲಕ್ಕಾದರೂ ಸಡಿಲಿಸಿ, ಗಾಜು ಮಡಚಿದಲ್ಲಿ ಬೆಳಕು ಸೋರುತ್ತದೆ. ರಿಪೇರಿಗೆ ಬಂದವರನ್ನು ‘ಪವರ್ ಎಷ್ಟು ಬರುತ್ತಿದೆ’ ಎಂದು ಕೇಳಿ. ಬರುವ ಬೆಳಕಿನ ಬಲವನ್ನು ಅವರು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೈನಸ್ 15ರಿಂದ ಮೈನಸ್ 25ರ ನಡುವೆ ಇದ್ದರೆ ಚಿಂತೆಯಿಲ್ಲ, ಮೈನಸ್ 27ಕ್ಕಿಂತ ಕೆಳಗಿಳಿದಿದ್ದರೆ ಜಾಯಿಂಟ್ ಸರಿಪಡಿಸಲು ಹೇಳಿ. ಕಂಪ್ಯೂಟರಿನ ಕಮಾಂಡ್ ಪರದೆಯಲ್ಲಿ ‘ಪಿಂಗ್ 192.168.1.1’ ಕೊಟ್ಟರೆ (ನಿಮ್ಮ ಬಾಕ್ಸಿನ ಸಂಖ್ಯೆ ಅದರ ಕೆಳಗಿನ ಚೀಟಿಯಲ್ಲಿರುತ್ತದೆ) ಮನೆಯೊಳಗಿನ ದಾರಿ ಸರಿಯಿದೆಯೇ ಎಂದು ತಿಳಿಯುತ್ತದೆ. ‘ಪಿಂಗ್ 8.8.8.8’ (ಇದು ಗೂಗಲ್‌ನ ಒಂದು ವಿಳಾಸ) ಕೊಟ್ಟರೆ ಹೊರಗಿನ ದಾರಿ. ಎರಡೂ ಉತ್ತರಿಸಿ ಹೆಸರಿನ ತಾಣಗಳು ಮಾತ್ರ ತೆರೆಯದಿದ್ದರೆ ದೋಷ ಡಿಎನ್ಎಸ್‌ನದು.

ಆಮೇಲೆ ಒಂದು ಲ್ಯಾನ್ ಕೇಬಲ್ ತಂದು ಕಂಪ್ಯೂಟರನ್ನು ನೇರವಾಗಿ ಬಾಕ್ಸಿಗೆ ಸಿಕ್ಕಿಸಿ. ಬೆಳಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ವೇಗ ಅಳೆಯಿರಿ, ಮೂರು ದಿನ ಬರೆದಿಡಿ. ಬೆಳಗ್ಗೆ 40, ರಾತ್ರಿ 8 ಬಂದರೆ ನಾಲೆಯಲ್ಲಿ ನೀರು ಸಾಲುತ್ತಿಲ್ಲ. ಯಾವ ಹೊಸ ರೂಟರೂ ಅದನ್ನು ಸರಿಮಾಡದು. ಆ ಚೀಟಿ ಹಿಡಿದು ಕಂಪನಿಯವರನ್ನು ಕೇಳಿ. ತಂತಿಯಲ್ಲಿ ರಾತ್ರಿಯೂ 40 ಬಂದು ವೈಫೈನಲ್ಲಿ ಮಾತ್ರ ಕುಂಟಿದರೆ ತೊಂದರೆ ಮನೆಯೊಳಗಿದೆ. ಟೀವಿಯ ಹಿಂದೆಯೋ ಕಬ್ಬಿಣದ ಬೀರುವಿನ ಪಕ್ಕದಲ್ಲೋ ಇಟ್ಟಿದ್ದರೆ ಬಾಕ್ಸನ್ನು ಹಾಲ್‌ನ ನಡುವೆ, ಎದೆಯೆತ್ತರಕ್ಕೆ ತನ್ನಿ. ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೊ ಅಲೆಗಳಲ್ಲಿ ಓಡುತ್ತದೆ. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ಅಕ್ಕಪಕ್ಕದ ಮನೆಗಳವೂ ಅದೇ ಗಾಳಿಯಲ್ಲಿ ನುಗ್ಗಾಡುತ್ತವೆ. ಚಾನಲ್ 1, 6, 11ರಲ್ಲಿ ಬಿಡುವಿರುವುದನ್ನು ಆರಿಸಿ. ಹಾಲ್‌ನಲ್ಲೇ ಕೂತು ನೋಡುವುದಾದರೆ 5 ಗಿಗಾಹರ್ಟ್ಸ್ ಹೆಸರಿಗೆ ಸೇರಿಕೊಳ್ಳಿ. ನಿಮ್ಮ ಬಾಕ್ಸಿನಲ್ಲಿ 5 ಇಲ್ಲವೇ ಇಲ್ಲ ಎಂದಾದರೆ, ಆಗ ಮಾತ್ರ ಅಂಗಡಿಯವರ ಮಾತು ಕೇಳಬಹುದು. ಮೂರು ದಿನದ ಲೆಕ್ಕ ನಮಗೂ ಬರೆದು ಕಳಿಸಿ.

– ಸಂಪಾದಕ